ವೈರಿಂಗ್, ಬೋರ್‌ವೆಲ್, ತಾರಸಿ: ಒಂದೊಂದು ಕೆಲಸಕ್ಕೂ ಸರಿಯಾದ ಕಂಟ್ರಾಕ್ಟರ್ ಹಿಡಿಯುವುದು ಹೇಗೆ?

ದಾವಣಗೆರೆಯಲ್ಲಿ ಮನೆ ಕೆಲಸ ಅಂದರೆ ಮೊದಲು ಫೋನ್ ಹೋಗುವುದು ಮೇಸ್ತ್ರಿಗೆ. ಗಾರೆಯವರನ್ನು ಅವರೇ ಕರೆತರುತ್ತಾರೆ. ವೈರಿಂಗ್‌ಗೆ ಅವರ ಕಡೆಯ ಹುಡುಗ ಇರುತ್ತಾನೆ, ನಲ್ಲಿ ಕೆಲಸಕ್ಕೆ ಅವರ ಭಾವಮೈದ. ಬುನಾದಿಯಿಂದ ಮನೆ ಕಟ್ಟುವಾಗ ಈ ಏರ್ಪಾಡು ಹೇಗೋ ನಡೆದುಹೋಗುತ್ತದೆ. ಆದರೆ ವಿದ್ಯಾನಗರದಲ್ಲೋ ಪಿ.ಜೆ. ಬಡಾವಣೆಯಲ್ಲೋ ಇಪ್ಪತ್ತು ಮೂವತ್ತು ವರ್ಷದ ಮನೆ ಇದೆ, ಅದರಲ್ಲಿ ಒಂದೇ ಒಂದು ಕೆಲಸ ಆಗಬೇಕು ಅಂದುಕೊಳ್ಳಿ. ಹಳೇ ವೈರಿಂಗ್ ಬದಲಾಗಬೇಕು, ಇಲ್ಲವೇ ತಾರಸಿ ಸೋರುವುದು ನಿಲ್ಲಬೇಕು. ಇಂಥದ್ದಕ್ಕೆ ಮಧ್ಯೆ ಮೇಸ್ತ್ರಿ ಬೇಕಿಲ್ಲ. ಅವರ ಪಾಲು ಬಿಲ್ಲಿಗೆ ಸೇರುತ್ತದೆ. ಕೆಲಸ ಕೆಟ್ಟರೆ ಯಾರನ್ನು ಹಿಡಿದು ಕೇಳಬೇಕು ಅನ್ನುವುದೂ ಗೊತ್ತಾಗುವುದಿಲ್ಲ. ಆ ಒಂದು ಕೆಲಸವನ್ನೇ ಕಸುಬು ಮಾಡಿಕೊಂಡವರನ್ನು ನೇರವಾಗಿ ಕರೆಯುವುದು ಒಳ್ಳೆಯದು.

ಕರೆಯುವುದು ಹೇಗೆ, ಏನು ಕೇಳಬೇಕು, ದುಡ್ಡು ಯಾವಾಗ ಕೊಡಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಹೆಜ್ಜೆ 1: ಯಾವ ಕೆಲಸಕ್ಕೆ ಕಾಗದ ಕೇಳಬೇಕು ಅಂತ ತಿಳಿದುಕೊಳ್ಳಿ

ನಮ್ಮಲ್ಲಿ ಎಲ್ಲ ಕಸುಬಿಗೂ ಲೈಸೆನ್ಸ್ ಇಲ್ಲ. ಪೇಂಟಿಂಗ್, ಟೈಲ್ಸ್, ಬಡಗಿ ಕೆಲಸ, ವಾಟರ್‌ಪ್ರೂಫಿಂಗ್‌ಗೆ ಕೌಶಲ ಪರೀಕ್ಷಿಸಿ ಸರ್ಕಾರ ಕೊಡುವ ಪರವಾನಗಿ ಅಂತ ಒಂದಿಲ್ಲ. ಅಲ್ಲಿ ನೀವು ನೋಡಬೇಕಾದ್ದು ಅವರು ಹಿಂದೆ ಮಾಡಿದ ಕೆಲಸವನ್ನು.

ಕಾಗದ ಕೇಳಲೇಬೇಕಾದ ಕೆಲಸಗಳು ಬೇರೆ. ವೈರಿಂಗ್‌ಗೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು. ಬೋರ್ ಕೊರೆಯುವ ಯಂತ್ರಕ್ಕೆ ನೋಂದಣಿ ಆಗಿರಬೇಕು. ಮನೆಯೊಳಗೆ ಲಿಫ್ಟ್ ಹಾಕಿಸುತ್ತಿದ್ದರೆ 2012ರ ಕರ್ನಾಟಕ ಲಿಫ್ಟ್ ಕಾಯ್ದೆಯ ಪ್ರಕಾರ ಹಾಕುವ ಮೊದಲು ಅನುಮತಿ, ಓಡಿಸಲು ಲೈಸೆನ್ಸ್, ಎರಡೂ ಬೇಕು. ಪಿಎಂ ಸೂರ್ಯಘರ್ ಸಬ್ಸಿಡಿಯಲ್ಲಿ ಸೋಲಾರ್ ಹಾಕಿಸುವುದಾದರೆ ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿಸಿದ ವೆಂಡರ್ ಕೈಲೇ ಹಾಕಿಸಬೇಕು.

ಒಂದು ಎಚ್ಚರಿಕೆ. ಕೆಲವರು ಪಿಡಬ್ಲ್ಯೂಡಿ ಲೈಸೆನ್ಸ್ ತೋರಿಸುತ್ತಾರೆ. ಅದು ಸರ್ಕಾರಿ ಕಾಮಗಾರಿಯ ಟೆಂಡರ್ ಹಾಕಲಿಕ್ಕೆ. ಇನ್ನು ಕೆಲವರು ಜಿಎಸ್‌ಟಿ ಸರ್ಟಿಫಿಕೇಟ್ ಫ್ರೇಮ್ ಹಾಕಿಸಿ ಅಂಗಡಿ ಗೋಡೆಗೆ ತಗುಲಿಸಿರುತ್ತಾರೆ. ಅದು ತೆರಿಗೆಗೆ ಸಂಬಂಧಿಸಿದ್ದು. ಎರಡರಿಂದಲೂ ಅವರಿಗೆ ವೈರಿಂಗ್ ಬರುತ್ತದೆ ಅಂತ ಸಾಬೀತಾಗುವುದಿಲ್ಲ.

ಹೆಜ್ಜೆ 2: ಕರೆಯುವ ಮೊದಲು ಕೆಲಸ ಬರೆದಿಡಿ

ಒಂದು ಹಾಳೆ ಸಾಕು. "ವೈರಿಂಗ್ ಮಾಡಿಸಬೇಕು" ಅಂತಲ್ಲ. ಯಾವ ರೂಮಿನಲ್ಲಿ ಎಷ್ಟು ಲೈಟು, ಎಷ್ಟು ಪ್ಲಗ್ಗು, ಗೀಸರ್ ಎಲ್ಲಿ, ಎಸಿ ಮುಂದೆ ಹಾಕಿಸುವ ಯೋಚನೆ ಇದೆಯಾ, ಯುಪಿಎಸ್ ಲೈನ್ ಯಾವುದಕ್ಕೆಲ್ಲ ಬೇಕು ಅಂತ ಬರೆಯಿರಿ. ಮೂರು ಜನಕ್ಕೂ ಅದೇ ಹಾಳೆ ತೋರಿಸಿ ರೇಟ್ ಕೇಳಿ. ಇಲ್ಲದಿದ್ದರೆ ಒಬ್ಬರು ನಲವತ್ತು ಪಾಯಿಂಟ್ ಲೆಕ್ಕ ಹಿಡಿದಿರುತ್ತಾರೆ, ಇನ್ನೊಬ್ಬರು ಐವತ್ತೈದು. ಕಡಿಮೆ ಹೇಳಿದವರು ಅಗ್ಗ ಅಂತ ನಾವು ಸುಮ್ನೆ ಖುಷಿಪಡುತ್ತೇವೆ.

ಹೆಜ್ಜೆ 3: ಹೆಸರು ಹುಡುಕಿ

ಬೇರೆ ಬೇರೆ ಬಡಾವಣೆಯಲ್ಲಿ ವಿಚಾರಿಸುವುದು ಒಳ್ಳೆಯದು. ಎಂ.ಸಿ.ಸಿ. ಬ್ಲಾಕಿನಲ್ಲಿ ಹೋದ ವರ್ಷ ಕೆಲಸ ಮಾಡಿಸಿದವರಿಗಿಂತ ಮೂರು ಮಳೆಗಾಲ ಕಳೆದವರ ಮಾತಿಗೆ ತೂಕ ಜಾಸ್ತಿ. "ಕೆಲಸ ಹೇಗಿತ್ತು?" ಅಂತ ಕೇಳಿದರೆ ಎಲ್ಲರೂ "ಚೆನ್ನಾಗಿದೆ" ಅಂತಲೇ ಹೇಳುವುದು. "ಆಮೇಲೆ ಏನಾದರೂ ಕೆಟ್ಟಾಗ ಫೋನ್ ಎತ್ತಿದರಾ?" ಅಂತ ಕೇಳಿ. ಉತ್ತರ ಬೇರೆಯೇ ಬರುತ್ತದೆ.

ಅಂಗಡಿಯವರು ಹೇಳಿದ ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಕಮಿಷನ್ ಲೆಕ್ಕ ಇರುತ್ತದೆ, ಅದೇನೂ ಗುಟ್ಟಲ್ಲ.

ಕಾಲವನ್ನೂ ನೋಡಿಕೊಳ್ಳಿ. ಗೃಹಪ್ರವೇಶದ ಮುಹೂರ್ತಗಳು ಸಾಲಾಗಿ ಬರುವ ತಿಂಗಳಲ್ಲಿ ಒಳ್ಳೆಯ ಕೆಲಸಗಾರರು ನಾಲ್ಕು ಕಡೆ ಒಪ್ಪಿಕೊಂಡು ಎಲ್ಲ ಕಡೆಯೂ ಅರ್ಧ ದಿನ ಇರುತ್ತಾರೆ. ಆಷಾಢದಲ್ಲಿ ಕೈ ಖಾಲಿ. ಒಳಗಿನ ವೈರಿಂಗ್, ಬಚ್ಚಲು ಮನೆ ಕೆಲಸಕ್ಕೆ ನನ್ನ ಆಯ್ಕೆ ಆಷಾಢವೇ. ಶುಭಕಾರ್ಯಕ್ಕೆ ಬೇಡ ಅನ್ನಿ, ಹಳೇ ವೈರ್ ಕೀಳಲಿಕ್ಕೆ ಏನು ಅಡ್ಡಿ? ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗ ಮಾತ್ರ ಯಾರನ್ನೂ ನಂಬಿ ಗೋಡೆ ಒಡೆಸಬೇಡಿ.

ಹೆಜ್ಜೆ 4: ವೈರಿಂಗ್ ಕಂಟ್ರಾಕ್ಟರ್‌ನ ಲೈಸೆನ್ಸ್ ಓದುವುದು

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮ ಇಲ್ಲಿ ಸ್ಪಷ್ಟವಾಗಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಚಿಲ್ಲರೆ ಕೆಲಸ ಬಿಟ್ಟರೆ ಮಿಕ್ಕ ವೈರಿಂಗನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರೇ ಮಾಡಬೇಕು. ಅದೂ ಅರ್ಹತಾ ಪತ್ರ ಇರುವ ಸೂಪರ್‌ವೈಸರ್ ಉಸ್ತುವಾರಿಯಲ್ಲಿ, ಪರ್ಮಿಟ್ ಇರುವ ವೈರ್‌ಮನ್ ಕೈಯಲ್ಲಿ. ಅಂದರೆ ಕಾಗದ ಒಂದಲ್ಲ, ಮೂರು. ನಾವು ಮೊದಲನೆಯದನ್ನು ಮಾತ್ರ ಕೇಳಿ ಸುಮ್ಮನಾಗುತ್ತೇವೆ.

ಲೈಸೆನ್ಸ್ ಕೈಗೆ ಬಂದಾಗ ನಾಲ್ಕು ವಿಷಯ ನೋಡಿ: ನಂಬರ್, ದರ್ಜೆ, ಎಲ್ಲಿಯವರೆಗೆ ಚಾಲ್ತಿಯಲ್ಲಿದೆ, ಯಾರ ಹೆಸರಲ್ಲಿದೆ. ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಿಲ್ ಮೇಲೆ ಇರುವ ಹೆಸರೂ ಲೈಸೆನ್ಸ್ ಮೇಲಿನ ಹೆಸರೂ ಒಂದೇ ಇರಬೇಕು. ಅನುಮಾನ ಬಂದರೆ ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿ. ಹೊಸ ಮೀಟರ್ ಅರ್ಜಿಗೆ ಕಂಟ್ರಾಕ್ಟರುಗಳು ಅಲ್ಲಿಗೇ ಬರಬೇಕಾದ್ದರಿಂದ ಯಾರು ಏನು ಅಂತ ಅಲ್ಲಿನವರಿಗೆ ಗೊತ್ತಿರುತ್ತದೆ.

ಇನ್ನೊಂದು ಮಾತು ಮೊದಲ ಭೇಟಿಯಲ್ಲೇ ಆಗಿಬಿಡಲಿ. ಅದು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

"ಲೈಸೆನ್ಸ್ ಯಾರ ಹೆಸರಲ್ಲಿದೆ ಅಣ್ಣ?"

"ನಮ್ಮ ಓನರ್ ಹೆಸರಲ್ಲಿದೆ ಸರ್."

"ಅವರು ಕೆಲಸ ನೋಡೋಕೆ ಬರ್ತಾರಾ?"

"ಅವರ್ಯಾಕೆ ಬರ್ತಾರೆ ಸರ್. ಮೀಟರ್ ಟೈಮಲ್ಲಿ ಸೈನ್ ಹಾಕಿಕೊಡ್ತಾರೆ. ಕೆಲಸ ಎಲ್ಲಾ ನಮ್ಮದೇ."

ಹುಡುಗ ನಿಜವನ್ನೇ ಹೇಳಿದ್ದಾನೆ, ಅವನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಆದರೆ ಇದು ಸೈನ್ ಬಾಡಿಗೆಗೆ ಕೊಡುವ ವ್ಯವಹಾರ. ನೀವು ದುಡ್ಡು ಕೊಡುವುದು ಲೈಸೆನ್ಸಿಗೆ, ಮನೆಗೆ ಬರುವುದು ಲೈಸೆನ್ಸ್ ಇಲ್ಲದ ಕೈ. ಕಾಗದ ಅಸಲಿಯಾ ಅನ್ನುವುದಕ್ಕಿಂತ ಕಾಗದದಲ್ಲಿ ಹೆಸರಿರುವವರು ನಿಮ್ಮ ಮನೆಗೆ ಬರುತ್ತಾರಾ ಅನ್ನುವುದು ದೊಡ್ಡ ಪ್ರಶ್ನೆ. ನಾನಾದರೆ ಎರಡು ಭೇಟಿಗೆ ಪಟ್ಟು ಹಿಡಿಯುತ್ತೇನೆ: ಗೋಡೆಯೊಳಗಿನ ವೈರಿನ ಪೈಪ್ ಮುಚ್ಚುವ ಮೊದಲು ಒಮ್ಮೆ, ಕರೆಂಟ್ ಕೊಡುವ ಮೊದಲು ಒಮ್ಮೆ. ಒಪ್ಪದವರು ಬೇಡ, ರೇಟ್ ಎಷ್ಟೇ ಕಡಿಮೆ ಇರಲಿ.

ಹೆಜ್ಜೆ 5: ರೇಟ್ ಒಳಗೆ ಏನಿದೆ ಅಂತ ಬಿಡಿಸಿ ಕೇಳಿ

ವೈರಿಂಗ್‌ಗೆ ಪಾಯಿಂಟ್ ಲೆಕ್ಕದಲ್ಲಿ ರೇಟ್ ಹೇಳುವವರು ಜಾಸ್ತಿ. ಲೇಬರ್ ಮಾತ್ರವಾ, ಮೆಟೀರಿಯಲ್ ಸಮೇತವಾ? ಗೋಡೆ ಕೊರೆಯುವುದು ಯಾರು? ಕೊರೆದ ಗೋಡೆ ಮುಚ್ಚುವುದು ಯಾರು? ಜಗಳ ಶುರುವಾಗುವುದು ಈ ಕೊನೆಯ ಪ್ರಶ್ನೆಯಿಂದಲೇ. ಎಲೆಕ್ಟ್ರಿಷಿಯನ್ "ಅದು ಗಾರೆಯವರ ಕೆಲಸ" ಅನ್ನುತ್ತಾರೆ. ಒಂದು ಚೀಲ ಸಿಮೆಂಟಿನ ಕೆಲಸಕ್ಕೆ ಗಾರೆಯವರು ಬರುವುದಿಲ್ಲ. ತಿಂಗಳುಗಟ್ಟಲೆ ಗೋಡೆ ಬಾಯಿ ಬಿಟ್ಟುಕೊಂಡಿರುತ್ತದೆ. ಯಾರು ಮುಚ್ಚುತ್ತಾರೆ ಅಂತ ಕೊಟೇಶನ್‌ನಲ್ಲೇ ಬರೆಸಿ.

ವೈರಿನ ದಪ್ಪವೂ ಬರಹದಲ್ಲಿರಲಿ. ಮನೆಗಳಲ್ಲಿ ಸಾಮಾನ್ಯವಾಗಿ ಲೈಟು ಫ್ಯಾನಿಗೆ 1.5, ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕುತ್ತಾರೆ. ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ಥಿಂಗ್‌ಗೆ ಹಸಿರು. ಕೈಗೆ ಸಿಕ್ಕ ಬಣ್ಣ ಎಳೆದುಬಿಟ್ಟರೆ ಮುಂದೆ ರಿಪೇರಿಗೆ ಬಂದವರ ಪ್ರಾಣಕ್ಕೆ ಕುತ್ತು.

ಮೆಟೀರಿಯಲ್ ನೀವೇ ಕೊಡಿಸಿದರೆ ವೈರ್ ಕಾಯಿಲ್‌ನ ಖಾಲಿ ಡಬ್ಬ ಒಂದನ್ನೂ ಎಸೆಯಲು ಬಿಡಬೇಡಿ. ಮಾಮೂಲಿ ಕಾಯಿಲ್ 90 ಮೀಟರ್ ಇರುತ್ತದೆ. ಕೆಲಸ ಮುಗಿದ ದಿನ ಡಬ್ಬ ಎಣಿಸಿ ಬಿಲ್ ಪಕ್ಕದಲ್ಲಿಟ್ಟರೆ ಲೆಕ್ಕ ತಾನಾಗಿ ಸಿಗುತ್ತದೆ. ಬಿಲ್ ನಿಮ್ಮ ಹೆಸರಿಗೇ ಇರಲಿ. ಜಿಎಸ್‌ಟಿ ಹಾಕಿದ್ದರೆ ನಂಬರ್ ನೋಡಿ: 15 ಅಕ್ಷರ, ಕರ್ನಾಟಕದ್ದಾದರೆ ಮೊದಲೆರಡು ಅಂಕಿ 29. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿದರೆ ಅದು ಯಾರದ್ದು, ಚಾಲ್ತಿಯಲ್ಲಿದೆಯಾ ಅಂತ ಬರುತ್ತದೆ.

ಚಿತ್ರದುರ್ಗದವರು ಅರ್ಥಿಂಗ್ ಬಗ್ಗೆ ಒಂದು ಮಾತು ಜಾಸ್ತಿ ಕೇಳಬೇಕು. ಬಂಡೆ ನೆಲ, ಮಳೆಯೂ ಕಮ್ಮಿ. ಒಣಗಿದ ಕಲ್ಲು ನೆಲದಲ್ಲಿ ಕರೆಂಟ್ ಭೂಮಿಗೆ ಸುಲಭವಾಗಿ ಇಳಿಯುವುದಿಲ್ಲ. ಮೂರಡಿ ಗುಂಡಿಯಲ್ಲಿ ಪೈಪ್ ಹೂತು "ಆಯ್ತು ಸರ್" ಅಂದರೆ ಆಗಲಿಲ್ಲ ಅಂತಲೇ ಅರ್ಥ. ಅರ್ಥ್ ಟೆಸ್ಟರ್ ಹಿಡಿದು ಅಳೆದು, ಬಂದ ಓಮ್ ಲೆಕ್ಕವನ್ನು ಬರೆದುಕೊಡಿ ಅಂತ ಕೇಳಿ. ದಾವಣಗೆರೆಯಿಂದ ಕರೆಸುವುದಾದರೆ ಹೆದ್ದಾರಿಯಲ್ಲಿ 60 ಕಿಲೋಮೀಟರ್ ಚಿಲ್ಲರೆ. ಓಡಾಟದ ಖರ್ಚು ಯಾರದು ಅಂತಲೂ ಮೊದಲೇ ಮಾತಾಡಿಕೊಳ್ಳಿ.

ಬೋರ್‌ವೆಲ್: ಇದರ ಲೆಕ್ಕವೇ ಬೇರೆ

ವೈರಿಂಗ್ ವಾರಗಟ್ಟಲೆ ನಡೆಯುತ್ತದೆ, ಯೋಚಿಸಲು ಸಮಯ ಸಿಗುತ್ತದೆ. ಬೋರ್ ಹಾಗಲ್ಲ. ಗಾಡಿ ಬಂದು ಕೊರೆದು ಹೋಗುವಷ್ಟರಲ್ಲಿ ಲಕ್ಷ ದಾಟಿರುತ್ತದೆ. ಹಾಗಾಗಿ ಕೇಳುವುದೆಲ್ಲ ಗಾಡಿ ಬರುವ ಮೊದಲೇ ಮುಗಿಯಬೇಕು.

ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಕೊರೆಯುವ ಯಂತ್ರದವರು ನೋಂದಣಿ ಮಾಡಿಸಿರಬೇಕು. ಅಧಿಸೂಚಿತ ಪ್ರದೇಶವಾದರೆ, ಅಂದರೆ ಸರ್ಕಾರ ಪಟ್ಟಿ ಮಾಡಿದ ಜಾಗವಾದರೆ, ಕೊರೆಸುವ ಮೊದಲು ನೀವು ಅನುಮತಿಯನ್ನೂ ಪಡೆಯಬೇಕು. ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿವೆ. ನಿಮ್ಮದು ಆ ಪಟ್ಟಿಯಲ್ಲಿದೆಯಾ ಅಂತ ಜಿಲ್ಲೆಯ ಅಂತರ್ಜಲ ಕಚೇರಿಯಲ್ಲಿ ಕೇಳಿ. "ಅದೆಲ್ಲ ನಾವು ನೋಡ್ಕೊಂತೀವಿ ಸಾವ್ಕಾರ್ರೆ" ಅಂತ ಏಜೆಂಟ್ ಹೇಳುತ್ತಾರೆ. ಏಜೆಂಟ್ ಬೇರೆ, ಗಾಡಿ ಓನರ್ ಬೇರೆ. ನೋಂದಣಿ ಸರ್ಟಿಫಿಕೇಟ್ ಇರಬೇಕಾದ್ದು ಗಾಡಿಯದು. ಬರುವ ಗಾಡಿಯ ನಂಬರ್ ಕೇಳಿಟ್ಟುಕೊಂಡು, ಬಂದ ಗಾಡಿ ಅದೇನಾ ಅಂತ ನೋಡಿ.

ರೇಟ್ ಅಡಿ ಲೆಕ್ಕ. ಆದರೆ ಮೊದಲ ಕೆಲವು ನೂರು ಅಡಿಗೆ ಒಂದು ರೇಟ್, ಅಲ್ಲಿಂದ ಮುಂದೆ ಪ್ರತಿ ನೂರಕ್ಕೆ ಏರುತ್ತಾ ಹೋಗುತ್ತದೆ. ಫೋನಿನಲ್ಲಿ ಹೇಳುವುದು ಮೊದಲ ರೇಟನ್ನು ಮಾತ್ರ. ಸಾವಿರ ಅಡಿವರೆಗಿನ ಪೂರ್ತಿ ರೇಟ್ ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ ಅನ್ನಿ. ಮಣ್ಣು ಕುಸಿಯದಂತೆ ಬೋರ್ ಒಳಗೆ ಇಳಿಸುವ ಕೇಸಿಂಗ್ ಪೈಪಿಗೆ ಬೇರೆ ದುಡ್ಡು. ಯಾವ ಕಂಪನಿಯದು, ಅಡಿಗೆ ಎಷ್ಟು, ಐಎಸ್‌ಐ ಗುರುತು ಇದೆಯಾ, ಇದೂ ಆ ಮೆಸೇಜಿನಲ್ಲೇ ಬರಲಿ. ನೀರು ಬರದಿದ್ದರೂ ಕೊರೆದ ಅಡಿಗೆ ದುಡ್ಡು ಕೊಡಲೇಬೇಕು. ಎಷ್ಟು ಅಡಿಗೆ ನಿಲ್ಲಿಸಬೇಕು ಅಂತ ಮನೆಯವರೆಲ್ಲ ಕೂತು ಮೊದಲೇ ತೀರ್ಮಾನ ಮಾಡಿ. ಗಾಡಿ ಓಡುವಾಗ "ಇನ್ನೊಂದು ನೂರು ಹೋಗೋಣ" ಅನ್ನುವ ಆಸೆ ಯಾರಿಗೂ ತಪ್ಪಿದ್ದಲ್ಲ.

ಆಳದ ಲೆಕ್ಕ ಇಡುವುದು ಸುಲಭ. ಕೊರೆಯುವ ರಾಡ್ ಒಂದೊಂದೂ ಸಾಮಾನ್ಯವಾಗಿ 20 ಅಡಿ. ಶುರುವಾಗುವ ಮೊದಲು ಟೇಪ್ ಹಿಡಿದು ಒಂದು ರಾಡ್ ಅಳೆದುಬಿಡಿ. ಆಮೇಲೆ ಸೀಮೆಸುಣ್ಣ ತಗೊಂಡು ಕಾಂಪೌಂಡ್ ಗೋಡೆ ಹತ್ತಿರ ನಿಂತು, ರಾಡ್ ಇಳಿದಾಗಲೆಲ್ಲ ಒಂದು ಗೆರೆ ಎಳೆಯಿರಿ. ಐದು ಗೆರೆಗೆ ನೂರು ಅಡಿ. ರಾತ್ರಿ ಹನ್ನೊಂದಕ್ಕೆ ಗಾಡಿ ಬಂದರೂ ಮನೆಯವರೊಬ್ಬರು ಅಲ್ಲೇ ಇರಬೇಕು. ಗೋಡೆ ಮೇಲೆ ಗೆರೆ ಇದೆ ಅಂತ ಕಂಡರೆ ಬಿಲ್ಲೂ ಸರಿಯಾಗಿಯೇ ಬರುತ್ತದೆ. ಕೇಸಿಂಗ್ ಪೈಪನ್ನೂ ಇಳಿಸುವ ಮೊದಲೇ ಎಣಿಸಿ. ಗಟ್ಟಿ ಬಂಡೆ ಸಿಗುವವರೆಗೆ ಕೇಸಿಂಗ್ ಹೋಗಬೇಕು. ದುಡ್ಡು ಉಳಿಸಲು ಮೇಲೆಯೇ ನಿಲ್ಲಿಸಿದರೆ ಒಂದೆರಡು ಮಳೆಗಾಲದಲ್ಲಿ ಮಣ್ಣು ಕುಸಿದು ಮೋಟಾರ್ ಸಿಕ್ಕಿಕೊಳ್ಳುತ್ತದೆ.

ಜಾಗ ತೋರಿಸುವವರ ವಿಷಯ. ತೆಂಗಿನಕಾಯಿ ಹಿಡಿದು ಪಾಯಿಂಟ್ ಹೇಳುವವರನ್ನು ಕರೆಸುವುದು ಬಿಡುವುದು ನಿಮ್ಮಿಷ್ಟ. ನನಗೆ ಭೂವಿಜ್ಞಾನಿ ಯಂತ್ರ ಇಟ್ಟು ನೋಡಿದ್ದರ ಮೇಲೆ ನಂಬಿಕೆ ಜಾಸ್ತಿ. ಅವರೂ ಗ್ಯಾರಂಟಿ ಕೊಡುವುದಿಲ್ಲ ಅನ್ನುವುದು ಬೇರೆ ಮಾತು.

ಬೋರ್ ಫೇಲಾದರೆ ಗಾಡಿ ಹೊರಡುವ ಮೊದಲೇ ಬಾಯಿ ಮುಚ್ಚಿಸಿ. ಮಕ್ಕಳು ಬೀಳುವ ಪ್ರಕರಣಗಳ ಮೇಲೆ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಸೂಚನೆಗಳಿವೆ. ಕೊರೆಸುವ 15 ದಿನ ಮೊದಲು ಸ್ಥಳೀಯ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಕೆಲಸದ ಜಾಗಕ್ಕೆ ಬೇಲಿ, ಬೋರ್ಡ್ ಇರಬೇಕು. ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿ ಬಾಯಿಗೆ ಮುಚ್ಚಳ ಹಾಕಬೇಕು. ಕಟ್ಟೆಯ ಕೆಲಸ ಯಾರದು ಅಂತ ರೇಟ್ ಮಾತಾಡುವಾಗಲೇ ಸೇರಿಸಿಕೊಳ್ಳಿ.

ನೀರು ಬಂತು ಅಂತ ಪೂಜೆ ಮಾಡಿ ಕುಡಿಯಲು ಶುರು ಮಾಡಬೇಡಿ. ನಮ್ಮ ಎರಡೂ ಜಿಲ್ಲೆಗಳ ಹಲವು ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಅಂತ ಮಾನದಂಡ ಹೇಳುತ್ತದೆ. ಲ್ಯಾಬಿಗೆ ಒಂದು ಬಾಟಲಿ ಕೊಟ್ಟು ರಿಪೋರ್ಟ್ ನೋಡಿ.

ತಾರಸಿ, ಶೌಚ ಗುಂಡಿ, ಸೋಲಾರ್

ವಾಟರ್‌ಪ್ರೂಫಿಂಗ್‌ಗೆ ಲೈಸೆನ್ಸ್ ಇಲ್ಲ, ಹಾಗಾಗಿ ಗ್ಯಾರಂಟಿ ಮಾತೇ ಜೋರು. "ಹತ್ತು ವರ್ಷ ಗ್ಯಾರಂಟಿ" ಅನ್ನುವವರ ಅಂಗಡಿಗೆ ಹತ್ತು ವರ್ಷ ಆಗಿದೆಯಾ ಅಂತ ಮೊದಲು ನೋಡಿ. ಬಂದವರು ಸೋರುವ ಜಾಗ ಹುಡುಕದೆ ನೇರ ಚದರಡಿ ರೇಟ್ ಹೇಳಿದರೆ ಅವರನ್ನು ಕಳಿಸಿಬಿಡಿ. ಬಿರುಕು ಸ್ಲ್ಯಾಬಿನದಾ, ಪ್ಯಾರಾಪೆಟ್ ಗೋಡೆ ಸೇರುವ ಮೂಲೆಯದಾ, ನೀರು ಹೋಗುವ ಪೈಪಿನ ಬಾಯಿಯದಾ ಅಂತ ಗೊತ್ತಾಗದೆ ಮೇಲೆ ಬಳಿದ ಬಣ್ಣ ಒಂದು ಬೇಸಿಗೆ ಬಾಳುತ್ತದೆ. ಕೆಲಸ ಏಪ್ರಿಲ್, ಮೇ ಒಳಗೆ ಮುಗಿಯಲಿ. ಪೈಪ್ ಬಾಯಿ ಮುಚ್ಚಿ ಎರಡು ಅಂಗುಲ ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ಕೊನೆಯ ಕಂತು ಆಮೇಲೆ.

ಶೌಚ ಗುಂಡಿಗೆ ಯಂತ್ರದ ಗಾಡಿಯನ್ನೇ ಕರೆಸಿ. ಮನುಷ್ಯರನ್ನು ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸುವುದು 2013ರ ಕಾಯ್ದೆಯಡಿ ಅಪರಾಧ. ಯಾರೋ ಕಡಿಮೆ ದುಡ್ಡಿಗೆ ಇಳಿಯುತ್ತೇನೆ ಅಂದರೂ ಬೇಡ. ಒಳಗಿನ ಗ್ಯಾಸ್ ಕ್ಷಣದಲ್ಲಿ ಜೀವ ತೆಗೆಯುತ್ತದೆ.

ಸೋಲಾರ್‌ನಲ್ಲಿ ಸೂರ್ಯಘರ್ ಯೋಜನೆಯ ಸಬ್ಸಿಡಿ 1 ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟಿದ್ದಕ್ಕೆ 78,000 ರೂಪಾಯಿ. ಅದು ಬರುವುದು ನಿಮ್ಮ ಬ್ಯಾಂಕ್ ಖಾತೆಗೆ. ಹಾಗಾಗಿ ವೆಂಡರ್ ಹೇಳಿದ ರೇಟ್ ಸಬ್ಸಿಡಿ ಕಳೆದದ್ದಾ, ಕಳೆಯದ್ದಾ ಅಂತ ಕೇಳಿ.

ಹೆಜ್ಜೆ 6: ದುಡ್ಡು ಕೆಲಸದ ಹಿಂದೆ ಹೋಗಲಿ

ನಾಯಕನಹಟ್ಟಿ ತಿಪ್ಪೇಸ್ವಾಮಿಯವರ "ಮಾಡಿದಷ್ಟು ನೀಡು ಭಿಕ್ಷೆ" ಅನ್ನುವ ಮಾತು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕೆರೆ ಕಟ್ಟಿಸುವಾಗ ಅಗೆದ ಮಣ್ಣಿಗೆ ತಕ್ಕ ಕೂಲಿ ಕೊಡುತ್ತಿದ್ದರು ಅಂತ ಕತೆ. ಮನೆ ಕೆಲಸಕ್ಕೂ ಇದಕ್ಕಿಂತ ಒಳ್ಳೆಯ ಕರಾರು ನನಗೆ ಗೊತ್ತಿಲ್ಲ.

ವೈರಿಂಗ್‌ಗೆ ನಾನು ಹೇಳುವ ಕ್ರಮ ಇದು. ಹತ್ತನೇ ಒಂದು ಭಾಗ ಅಡ್ವಾನ್ಸ್. ಪೈಪ್ ಮತ್ತು ಬಾಕ್ಸ್ ಕೂತ ಮೇಲೆ ಮೂರು ಭಾಗ, ವೈರ್ ಎಳೆದ ಮೇಲೆ ಮೂರು, ಸ್ವಿಚ್ಚು ಬೋರ್ಡು ಕೂತ ಮೇಲೆ ಎರಡು. ಉಳಿದ ಒಂದು ಭಾಗ ಎಲ್ಲ ಪರೀಕ್ಷೆ ಆಗಿ ತಿಂಗಳು ಕಳೆದ ಮೇಲೆ. "ಹುಡುಗರಿಗೆ ಶನಿವಾರ ಬಟವಾಡೆ ಕೊಡಬೇಕು, ಸ್ವಲ್ಪ ಮುಂಚೆ ಕೊಡಿ" ಅಂತ ಕೇಳುತ್ತಾರೆ, ಅದು ನಿಜವೂ ಇರಬಹುದು. ಆಗ ಆ ವಾರ ಮುಗಿದ ಕೆಲಸದ ಮಟ್ಟಿಗೆ ಕೊಡಿ, ಮುಂದಿನ ವಾರದ್ದಕ್ಕಲ್ಲ. ಯುಪಿಐನಲ್ಲೇ ಕೊಟ್ಟು, ಯಾವ ಕೆಲಸಕ್ಕೆ ಅಂತ ಒಂದು ಸಾಲು ಬರೆಯಿರಿ.

ಹೆಜ್ಜೆ 7: ಮುಚ್ಚುವ ಮೊದಲು ಫೋಟೋ, ಕೊಡುವ ಮೊದಲು ಪರೀಕ್ಷೆ

ಪ್ಲಾಸ್ಟರ್ ಬೀಳುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಮೂಲೆಯಿಂದ ಟೇಪ್ ಹಿಡಿದು. ನಾಳೆ ಗೋಡೆಗೆ ಮೊಳೆ ಹೊಡೆಯುವಾಗ ಅದೇ ನಿಮ್ಮ ನಕ್ಷೆ.

ಕೊನೆಯ ದಿನ ಇನ್ಸುಲೇಷನ್ ಅಳೆಯುವ ಮೆಗ್ಗರ್ ತರಲಿಕ್ಕೆ ಹೇಳಿ. 500 ವೋಲ್ಟಿನಲ್ಲಿ ನೋಡಿದಾಗ ವೈರಿಂಗ್‌ನ ಇನ್ಸುಲೇಷನ್ 1 ಮೆಗಾಓಮ್‌ಗಿಂತ ಕಡಿಮೆ ಇರಬಾರದು. ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು, ಇರಲಿ. ಅದರ ಮೇಲೆ ಸಣ್ಣ ಬಟನ್ ಒಂದಿರುತ್ತದೆ, ಇಂಗ್ಲಿಷಿನ ಟಿ ಅಕ್ಷರ ಬರೆದದ್ದು. ಕರೆಂಟ್ ಇರುವಾಗ ಒತ್ತಿ. ಟಕ್ ಅಂತ ಪೂರ್ತಿ ಆಫ್ ಆಗಬೇಕು. ಆಗದಿದ್ದರೆ ಅದೇ ದಿನ ಬದಲಿಸಲಿ. ತಿಂಗಳಿಗೊಮ್ಮೆ ನೀವೇ ಒತ್ತಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಮೀಟರ್ ಪಕ್ಕದ ಲೈನಿನಲ್ಲಿ ತೊಂದರೆ ಕಂಡರೆ ಕಂಟ್ರಾಕ್ಟರ್ ಕೈ ಹಾಕುವುದು ಬೇಡ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಕೈ ಕೊಟ್ಟರೆ

ಫೋನ್ ಎತ್ತದಿದ್ದರೆ ಮೊದಲು ವಾಟ್ಸಾಪ್‌ನಲ್ಲಿ ಫೋಟೋ ಸಮೇತ ಬರೆಯಿರಿ, ಇಷ್ಟು ದಿನದಲ್ಲಿ ಸರಿಮಾಡಿಕೊಡಿ ಅಂತ. ಆಮೇಲೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇಲ್ಲವೇ ಜಿಲ್ಲಾ ಗ್ರಾಹಕ ಆಯೋಗ. ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ. ತೊಂದರೆ ಆದ 2 ವರ್ಷದೊಳಗೆ ದೂರು ಕೊಡಬೇಕು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ. ಅಲ್ಲಿ ಮೊದಲು ಕೇಳುವುದು ಬಿಲ್, ಕೊಟೇಶನ್, ದುಡ್ಡು ಕೊಟ್ಟ ದಾಖಲೆ. ಲೈಸೆನ್ಸಿನ ಫೋಟೋ, ಬೋರ್ ರೇಟಿನ ಮೆಸೇಜು, ಗೋಡೆಯ ಫೋಟೋ ಎಲ್ಲವನ್ನೂ ಪ್ರಿಂಟ್ ಹಾಕಿಸಿ ಒಂದೇ ಫೈಲಿಗೆ ಸೇರಿಸಿ.